ಏರ್ ಸಸ್ಪೆನ್ಷನ್‌ಗೆ ಎತ್ತರದ ಸೆನ್ಸರ್: ಕೂರಿಸಿದವರ ಅನುಭವ ಬೇಕಿದೆ

ಪ್ರಶ್ನೆ, ಬಸವೇಶ್ವರನಗರದಿಂದ

ನಮಸ್ಕಾರ. ನನ್ನ ಸ್ಕೋಡಾ ಲಾರಾ ಕಾರಿನ ನಾಲ್ಕೂ ಸ್ಪ್ರಿಂಗ್‌ಗಳನ್ನು ತೆಗೆಸಿ ಗಾಳಿಚೀಲ ಹಾಕಿಸಿ ಎರಡು ವರ್ಷವಾಯಿತು. ಚೀಲಗಳಿಗೆ ಗಾಳಿ ತುಂಬಿ ಬಿಡುವ ಈಗಿನ ಕಂಟ್ರೋಲರ್ ಗಾಳಿಯ ಒತ್ತಡವನ್ನಷ್ಟೇ ನೋಡುತ್ತದೆ. ನಾನೊಬ್ಬನೇ ಓಡಿಸುವಾಗ ಸರಿಯಾಗಿ ನಿಲ್ಲುವ ಗಾಡಿ, ಅಪ್ಪ ಅಮ್ಮ ಹಿಂದೆ ಕುಳಿತು ಡಿಕ್ಕಿಯಲ್ಲಿ ಊರಿನ ಸಾಮಾನು ತುಂಬಿದ ದಿನ ಅದೇ ಒತ್ತಡದಲ್ಲಿ ಹಿಂಬದಿ ಕುಸಿದು, ನಮ್ಮ ಬೀದಿಯ ಹಂಪ್‌ಗೆ ತಳ ಉಜ್ಜುತ್ತದೆ. ಹಾಗಾಗಿ ಎತ್ತರವನ್ನೂ ಓದುವ ಕಂಟ್ರೋಲರ್ ಮತ್ತು ನಾಲ್ಕು ಸೆನ್ಸರ್ ತರಿಸಿಕೊಂಡಿದ್ದೇನೆ. ಬ್ರಾಕೆಟ್‌ಗೆ ತೂತು ಕೊರೆಯುವ ಮೊದಲು, ಈ ಕೆಲಸ ಮಾಡಿದವರು ತಮ್ಮ ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ, ಜಯನಗರದಿಂದ

ಸರ್, ತೂತು ಕೊರೆಯುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಈ ಸೆನ್ಸರ್‌ಗೆ ಎತ್ತರ ಎಂಬುದು ಗೊತ್ತೇ ಇಲ್ಲ. ಅದಕ್ಕೆ ಗೊತ್ತಿರುವುದು ತನ್ನ ತೋಳು ಎಷ್ಟು ಡಿಗ್ರಿ ತಿರುಗಿದೆ ಎಂಬುದು ಮಾತ್ರ. ಸೆನ್ಸರ್‌ನ ಒಡಲು ಚಾಸಿಗೆ ಬಿಗಿಯಾಗಿರುತ್ತದೆ, ತೋಳಿನ ತುದಿಯಿಂದ ಒಂದು ಲಿಂಕ್ ಕಡ್ಡಿ ಇಳಿದು ಲೋವರ್ ಆರ್ಮ್‌ಗೆ (ಚಕ್ರವನ್ನು ಚಾಸಿಗೆ ಜೋಡಿಸುವ ಕೆಳಗಿನ ಪಟ್ಟಿಗೆ) ಸೇರುತ್ತದೆ, ಚಕ್ರ ಏರಿಳಿದಂತೆ ಕಡ್ಡಿ ತೋಳನ್ನು ತಿರುಗಿಸುತ್ತದೆ. ಆ ತಿರುಗುವಿಕೆಯನ್ನು ನಾವು ಎಷ್ಟು ಚೆನ್ನಾಗಿ ಹೊಂದಿಸಿ ಕೊಡುತ್ತೇವೆಯೋ ಅಷ್ಟರಮಟ್ಟಿಗೆ ಮಾತ್ರ ಕಂಟ್ರೋಲರ್ ಸರಿಯಾಗಿ ನಡೆದುಕೊಳ್ಳುತ್ತದೆ. ನಮ್ಮ ವೋಲ್ವೋ ಬಸ್ಸುಗಳ ಏರ್ ಸಸ್ಪೆನ್ಷನ್‌ನಲ್ಲಿಯೂ ಇದೇ ತತ್ತ್ವವಿದೆ. ಲೆವೆಲಿಂಗ್ ವಾಲ್ವ್ ಇರುವ ಬಸ್ಸಿನ ಕೆಳಗೆ ಬಗ್ಗಿ ನೋಡಿದರೆ ಆಕ್ಸಲ್‌ನಿಂದ ವಾಲ್ವ್‌ಗೆ ಹೋಗುವ ಕಡ್ಡಿ ಕಾಣುತ್ತದೆ. ಅಲ್ಲಿ ತೋಳು ನೇರವಾಗಿ ಗಾಳಿಯನ್ನೇ ಒಳಬಿಡುತ್ತದೆ ಇಲ್ಲವೇ ಹೊರಬಿಡುತ್ತದೆ, ಇಲ್ಲಿ ವೋಲ್ಟೇಜ್ ಕಳಿಸುತ್ತದೆ, ಅಷ್ಟೇ ವ್ಯತ್ಯಾಸ.

ಆದ್ದರಿಂದ ಮೊದಲ ಪ್ರಶ್ನೆ, ಕಡ್ಡಿಯನ್ನು ಲೋವರ್ ಆರ್ಮ್‌ನ ಯಾವ ಜಾಗಕ್ಕೆ ಕಟ್ಟಬೇಕು ಎಂಬುದು. ಉದಾಹರಣೆಗೆ, ಆರ್ಮ್‌ನ ಬುಷ್‌ನಿಂದ (ಚಾಸಿಯ ಕಡೆಯ ಕೀಲಿನಿಂದ) ಬಾಲ್ ಜಾಯಿಂಟ್‌ವರೆಗೆ (ಚಕ್ರದ ಕಡೆಯ ಕೀಲಿನವರೆಗೆ) 350 ಮಿ.ಮೀ. ಇದೆ, ಚಕ್ರದ ಪೂರ್ತಿ ಏರಿಳಿತ 150 ಮಿ.ಮೀ. ಇದೆ, ಸೆನ್ಸರ್‌ನ ತೋಳು 60 ಮಿ.ಮೀ. ಉದ್ದವಿದೆ ಎಂದಿಟ್ಟುಕೊಳ್ಳಿ. ಕಡ್ಡಿಯನ್ನು ಬುಷ್‌ನಿಂದ 140 ಮಿ.ಮೀ. ದೂರದಲ್ಲಿ ಕಟ್ಟಿದರೆ ಆ ಬಿಂದು 60 ಮಿ.ಮೀ. ಚಲಿಸುತ್ತದೆ, ತೋಳು ನಡುಬಿಂದುವಿನಿಂದ ಆ ಕಡೆ ಈ ಕಡೆ ಸುಮಾರು ಮೂವತ್ತು ಮೂವತ್ತು ಡಿಗ್ರಿ ತಿರುಗುತ್ತದೆ. ಸೆನ್ಸರ್ 80 ಡಿಗ್ರಿಗೆ 0.5ರಿಂದ 4.5 ವೋಲ್ಟ್ ಕೊಡುವಂಥದ್ದಾದರೆ ನಿಮಗೆ 1ರಿಂದ 4 ವೋಲ್ಟ್‌ವರೆಗಿನ ಹರವು ಸಿಗುತ್ತದೆ, ಎರಡೂ ತುದಿಗಳಲ್ಲಿ ಸ್ವಲ್ಪ ಜಾಗವೂ ಉಳಿಯುತ್ತದೆ. ಅದೇ ಕಡ್ಡಿಯನ್ನು ಬುಷ್‌ನ ಹತ್ತಿರಕ್ಕೆ ಒಯ್ದು, ಬಿಂದು 20 ಮಿ.ಮೀ. ಮಾತ್ರ ಚಲಿಸುವಂತೆ ಮಾಡಿದರೆ ಇಡೀ ಏರಿಳಿತ ಒಂದು ವೋಲ್ಟ್‌ನೊಳಗೆ ಮುದುಡಿಹೋಗುತ್ತದೆ. ಕಂಟ್ರೋಲರ್‌ಗೆ ಸಣ್ಣ ವ್ಯತ್ಯಾಸಗಳು ತಿಳಿಯುವುದೇ ಇಲ್ಲ. ಚಕ್ರದ ತುದಿಗೆ ಕಟ್ಟಿದರೆ ಆ ಬಿಂದು 150 ಮಿ.ಮೀ. ಹೋಗಬೇಕು, ಆದರೆ 60 ಮಿ.ಮೀ. ತೋಳಿನ ತುದಿ ಮೇಲಿಂದ ಕೆಳಕ್ಕೆ ಹೆಚ್ಚೆಂದರೆ 120 ಮಿ.ಮೀ. ಹೋಗಬಲ್ಲದು, ಏನಾದರೊಂದು ಮುರಿಯುವುದು ಖಚಿತ.

ಗಾಡಿ ನಿಮ್ಮ ನಿತ್ಯದ ಎತ್ತರದಲ್ಲಿ ನಿಂತಾಗ ತೋಳು ತನ್ನ ವ್ಯಾಪ್ತಿಯ ನಡುವಿನಲ್ಲಿರಬೇಕು, ಕಡ್ಡಿ ಅದಕ್ಕೆ ಲಂಬವಾಗಿರಬೇಕು. ಮುಂದಿನ ಚಕ್ರಗಳಲ್ಲಿ ಸ್ಟಿಯರಿಂಗ್ ಜೊತೆ ತಿರುಗುವ ಯಾವ ಭಾಗಕ್ಕೂ ಕಡ್ಡಿಯನ್ನು ಕಟ್ಟಬೇಡಿ. ಯೂ ಟರ್ನ್ ತೆಗೆದುಕೊಳ್ಳುವಾಗ ಗಾಡಿಯ ಎತ್ತರ ಬದಲಾಗಿದೆ ಎಂದು ಅದು ಹೇಳತೊಡಗುತ್ತದೆ. ಹೆಡ್‌ಲೈಟ್‌ನ ಕೋನವನ್ನು ತಾನೇ ಹೊಂದಿಸಿಕೊಳ್ಳುವ ಜೆನಾನ್ ದೀಪದ ಕಾರುಗಳಲ್ಲಿ ತಯಾರಕರೇ ಇಂಥ ಸೆನ್ಸರ್ ಕೂರಿಸಿರುತ್ತಾರೆ. ನಿಮ್ಮ ಗಾಡಿಯಲ್ಲಿ ಅದಿದ್ದರೆ ಜಾಗ ಹುಡುಕುವ ಕೆಲಸ ಅರ್ಧ ಮುಗಿದಂತೆ, ಏಕೆಂದರೆ ಅದೇ ರೀತಿಯ ಬ್ರಾಕೆಟ್ಟನ್ನು ಬೇರೆ ಮೂಲೆಗಳಿಗೂ ಮಾಡಿಸಬಹುದು. ನಾನು ಮೊದಲು ದಪ್ಪ ರಟ್ಟಿನಲ್ಲಿ ಬ್ರಾಕೆಟ್ ಕತ್ತರಿಸಿ, ಸೈಕಲ್ ಕಡ್ಡಿಯೊಂದನ್ನು ಲಿಂಕ್ ಆಗಿ ಬಗ್ಗಿಸಿ, ಮೂರು ಭಾನುವಾರ ಅದನ್ನೇ ಏರಿಸಿ ಇಳಿಸಿ ನೋಡಿದೆ. ಆ ರಟ್ಟಿನ ಅಚ್ಚನ್ನು ಪೀಣ್ಯದ ಒಂದು ಫ್ಯಾಬ್ರಿಕೇಷನ್ ಶೆಡ್‌ಗೆ ಒಯ್ದಾಗ 3 ಮಿ.ಮೀ. ತಗಡಿನಲ್ಲಿ ನಾಲ್ಕೂ ಬ್ರಾಕೆಟ್ ಒಂದೇ ಮಧ್ಯಾಹ್ನದಲ್ಲಿ ಸಿದ್ಧವಾದವು.

ಉತ್ತರ, ವಿಜಯನಗರದಿಂದ

ಮೇಲಿನವರು ಬರೆದುದಕ್ಕೆ ನನ್ನ ಗಾಡಿಗೆ ಆದದ್ದನ್ನು ಸೇರಿಸುತ್ತೇನೆ. ನನಗೆ ಸೆನ್ಸರ್ ಕೂರಿಸಿಕೊಟ್ಟ ಗ್ಯಾರೇಜಿನವರು ಗಾಳಿ ಪೂರ್ತಿ ಬಿಟ್ಟು ಒಮ್ಮೆ, ಪೂರ್ತಿ ತುಂಬಿ ಒಮ್ಮೆ ಪರೀಕ್ಷಿಸಿದರು, ಎರಡೂ ಸರಿಯಿತ್ತು. ಆದರೆ ಎರಡು ಬಾರಿಯೂ ಚಕ್ರ ನೆಲದ ಮೇಲೆಯೇ ಇತ್ತು. ಕೆಲವು ವಾರಗಳ ನಂತರ ಕನಕಪುರ ರಸ್ತೆಯಲ್ಲಿ ಎಡ ಹಿಂಬದಿ ಚಕ್ರ ಪಂಕ್ಚರ್ ಆಯಿತು. ಜಾಕ್ ಏರಿಸಿದಾಗ ಚಕ್ರ ಗಾಳಿಯಲ್ಲಿ ಜೋತುಬಿದ್ದು ಇನ್ನಷ್ಟು ಕೆಳಗಿಳಿಯಿತು, ತೋಳೂ ಕಡ್ಡಿಯೂ ಒಂದೇ ನೇರ ಗೆರೆಗೆ ಬಂದವು. ಸ್ಟೆಪ್ನಿ ಹಾಕಿ ಇಳಿಸಿದಾಗ ಅವೆರಡರ ನಡುವಿನ ಮಂಡಿ ಮೊದಲಿನ ಕಡೆಗೆ ಮಡಚಿಕೊಳ್ಳದೆ ವಿರುದ್ಧ ದಿಕ್ಕಿಗೆ ಮಡಚಿಕೊಂಡಿತು. ಅಲ್ಲಿಂದ ಮುಂದೆ ಆ ಮೂಲೆ ಏರಿದಷ್ಟೂ ಇಳಿಯುತ್ತಿದೆ ಎಂದೇ ಕಂಟ್ರೋಲರ್‌ಗೆ ಕಾಣುತ್ತಿತ್ತು. ಕೀ ತಿರುಗಿಸಿದ ಕೂಡಲೇ ಹಿಂಬದಿಯ ಎಡಮೂಲೆ ಮೇಲೇರುತ್ತಲೇ ಹೋಯಿತು, ಟ್ಯಾಂಕಿನ ಗಾಳಿ ಮುಗಿಯಿತು, ಕಂಪ್ರೆಸರ್ ನಿಲ್ಲದೆ ಓಡಿತು. ಫ್ಯೂಸ್ ತೆಗೆದೇ ಅದನ್ನು ನಿಲ್ಲಿಸಬೇಕಾಯಿತು.

ಆದ್ದರಿಂದ ದಯವಿಟ್ಟು ಗಾಡಿಯನ್ನು ಸ್ಟ್ಯಾಂಡ್‌ಗಳ ಮೇಲೆ ಭದ್ರವಾಗಿ ನಿಲ್ಲಿಸಿ, ಚಕ್ರ ಪೂರ್ತಿ ಜೋತುಬಿದ್ದಾಗ ತೋಳು ಮತ್ತು ಕಡ್ಡಿಯ ನಡುವೆ ಸ್ಪಷ್ಟವಾದ ಕೋನ ಉಳಿದಿದೆಯೇ ಎಂದು ನೋಡಿ. ಬಳಿಕ ಗಾಳಿ ಬಿಟ್ಟು, ಲೋವರ್ ಆರ್ಮ್ ಕೆಳಗೆ ಇನ್ನೊಂದು ಜಾಕ್ ಕೊಟ್ಟು ಬಂಪ್ ಸ್ಟಾಪ್ (ಚಕ್ರದ ಏರಿಕೆಯನ್ನು ತಡೆಯುವ ರಬ್ಬರ್) ಮುಟ್ಟುವವರೆಗೆ ಏರಿಸಿ ನೋಡಿ. ಮುಂದಿನ ಚಕ್ರಗಳಲ್ಲಿ ಇದನ್ನು ಸ್ಟಿಯರಿಂಗ್ ಎರಡೂ ಕಡೆಗೆ ಪೂರ್ತಿ ತಿರುಗಿಸಿಯೂ ಮಾಡಬೇಕು, ಬ್ರೇಕ್ ಹೋಸ್ ಮತ್ತು ಆಕ್ಸಲ್ ಬೂಟ್ (ಆಕ್ಸಲ್ ಕೀಲಿನ ರಬ್ಬರ್ ಹೊದಿಕೆ) ತಾಗುವುದು ಆಗಲೇ ತಿಳಿಯುತ್ತದೆ. ಬರಿಯ ಗಾಳಿಯ ಆಸರೆಯಲ್ಲಿ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ, ಒಂದು ನಿಮಿಷಕ್ಕೂ ಬೇಡ.

ಉತ್ತರ, ಯಲಹಂಕದಿಂದ

ವೈರಿಂಗ್ ಬಗ್ಗೆ ನನ್ನದೆರಡು ಮಾತು. ಸೆನ್ಸರ್‌ಗೆ ಸಾಮಾನ್ಯವಾಗಿ ಮೂರು ತಂತಿಗಳು: 5 ವೋಲ್ಟ್, ಗ್ರೌಂಡ್, ಸಿಗ್ನಲ್. ಗಾಡಿಗೆ ಕೂರಿಸುವ ಮೊದಲೇ ಮೇಜಿನ ಮೇಲೆ 5 ವೋಲ್ಟ್ ಕೊಟ್ಟು, ತೋಳನ್ನು ನಿಧಾನವಾಗಿ ತಿರುಗಿಸುತ್ತ ಮಲ್ಟಿಮೀಟರ್‌ನಲ್ಲಿ ಸಿಗ್ನಲ್ ನೋಡಿ. ಎಲ್ಲಿಯೂ ನೆಗೆಯದೆ ಒಂದೇ ಸಮನೆ ಏರಬೇಕು. ಗುಜರಿಯಿಂದ ತಂದ ಸೆನ್ಸರ್‌ಗಳಿಗಂತೂ ಈ ಪರೀಕ್ಷೆ ಕಡ್ಡಾಯ. ಸಿಗ್ನಲ್ ತಂತಿಯನ್ನು ಕಂಪ್ರೆಸರ್‌ನ ದಪ್ಪ ತಂತಿಯ ಜೊತೆ ಕಟ್ಟಬೇಡಿ, ಎಬಿಎಸ್ ಸೆನ್ಸರ್‌ನ ತಂತಿ ಹೋದ ದಾರಿಯಲ್ಲೇ ಒಯ್ಯಿರಿ. ನೀರು ಒಳಹೋಗದ ಕನೆಕ್ಟರ್‌ಗಳು ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಕನೆಕ್ಟರ್‌ನ ಬಾಯಿ ಕೆಳಮುಖವಾಗಿರಲಿ, ತಂತಿ ಒಳಹೋಗುವ ಮೊದಲು ಒಂದು ಬಳುಕು ಕೆಳಕ್ಕಿರಲಿ. ಮಳೆಗಾಲದಲ್ಲಿ ನಮ್ಮ ಅಂಡರ್‌ಪಾಸ್‌ಗಳಲ್ಲಿ ಎಷ್ಟು ನೀರು ನಿಲ್ಲುತ್ತದೆ ಎಂಬುದು ತಮಗೆ ತಿಳಿದೇ ಇದೆ.

ಉತ್ತರ, ಮಲ್ಲೇಶ್ವರದಿಂದ

ಯಾರೂ ಹೇಳದ ಒಂದು ವಿಷಯವಿದೆ. ಎತ್ತರವೊಂದನ್ನೇ ನಂಬಿದರೂ ಮೋಸವಾಗುತ್ತದೆ. ಕಾಲು ಸಮವಿಲ್ಲದ ಮೇಜಿನಂತೆ, ಗಾಡಿಯ ಭಾರ ಎದುರುಬದುರು ಮೂಲೆಗಳ ಮೇಲೆ, ಅಂದರೆ ಮುಂದಿನ ಎಡ ಮತ್ತು ಹಿಂದಿನ ಬಲದ ಮೇಲೆ ಹೆಚ್ಚಾಗಿ ಕುಳಿತಿದ್ದರೂ ನಾಲ್ಕೂ ಎತ್ತರಗಳು ಸರಿಯಾಗಿಯೇ ಕಾಣಬಹುದು. ಬ್ರೇಕ್ ಹಾಕಿದಾಗ ಮಾತ್ರ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಆದ್ದರಿಂದ ಕ್ಯಾಲಿಬ್ರೇಷನ್ ಮಾಡುವಾಗ ಮೊದಲು ಎಡ ಬಲ ಒತ್ತಡಗಳನ್ನು ಹತ್ತಿರ ತಂದು, ಆಮೇಲೆ ಎತ್ತರವನ್ನು ಕಂಟ್ರೋಲರ್‌ನಲ್ಲಿ ದಾಖಲಿಸಿ. ನೆಲ ಸಮತಟ್ಟಾಗಿರಬೇಕು. ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆ ಕಣ್ಣಿಗೆ ಸಮವಾಗಿತ್ತು, ಆದರೆ ಗಾರೆಯವರ ನೀರಿನ ಮಟ್ಟದ ಪೈಪು ಹಿಡಿದಾಗ ಮೋರಿಯ ಕಡೆಗೆ ಎರಡು ಬೆರಳಷ್ಟು ಇಳಿಜಾರು ಸಿಕ್ಕಿತು. ಎತ್ತರವನ್ನು ನೆಲದಿಂದ ಅಳೆಯದೆ, ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಿರಿ, ಆಗ ಟೈರಿನ ಗಾಳಿಯ ಹೆಚ್ಚುಕಡಿಮೆ ಲೆಕ್ಕಕ್ಕೆ ಬರುವುದಿಲ್ಲ.

ಸೆನ್ಸರ್ ಬಂದ ಮೇಲೆ ಸಣ್ಣ ಸೋರಿಕೆಗಳು ಮರೆಯಾಗುತ್ತವೆ, ಏಕೆಂದರೆ ಕಂಟ್ರೋಲರ್ ಸದ್ದಿಲ್ಲದೆ ಗಾಳಿ ತುಂಬುತ್ತಲೇ ಇರುತ್ತದೆ. ತಿಂಗಳಿಗೊಮ್ಮೆ ರಾತ್ರಿ ಅದನ್ನು ಆಫ್ ಮಾಡಿ, ನಾಲ್ಕೂ ಅಳತೆ ಬರೆದಿಟ್ಟು, ಬೆಳಿಗ್ಗೆ ಮತ್ತೆ ಅಳೆಯಿರಿ. ಇಳಿದ ಮೂಲೆಯ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ.

ಇನ್ನು ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮತ್ತು 2019ರ ಜನವರಿಯ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ತಯಾರಕರ ಮೂಲ ವಿವರಗಳಿಗೆ ಹೊಂದದ ಮಾರ್ಪಾಡಿಗೆ ಅವಕಾಶವಿಲ್ಲ. ಗಾಳಿಚೀಲ ಹಾಕಿಸಿ ಎರಡು ವರ್ಷವಾಗಿದ್ದರೂ ಆರ್‌ಟಿಒ ಕಚೇರಿಯಲ್ಲಿ ಮತ್ತು ವಿಮಾ ಸಂಸ್ಥೆಯಲ್ಲಿ ಲಿಖಿತವಾಗಿ ವಿಚಾರಿಸಿಯೇ ಮುಂದುವರಿಯಿರಿ ಎಂದು ಕೇಳಿಕೊಳ್ಳುತ್ತೇನೆ.

ಬಸವೇಶ್ವರನಗರದಿಂದ ಮತ್ತೆ

ಎಲ್ಲರಿಗೂ ವಂದನೆಗಳು. ನಿನ್ನೆ ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ರಟ್ಟಿನ ಬ್ರಾಕೆಟ್ ಹಿಡಿದು ನೋಡಿದೆ. ನಾನು ಮೊದಲು ಗುರುತು ಹಾಕಿದ್ದ ಜಾಗದಲ್ಲಿ ಹಿಂಬದಿ ಚಕ್ರ ಜೋತುಬಿದ್ದಾಗ ತೋಳೂ ಕಡ್ಡಿಯೂ ಹೆಚ್ಚುಕಡಿಮೆ ನೇರವಾಗಿಬಿಟ್ಟವು. ಕಡ್ಡಿಯ ಕೆಳತುದಿಯನ್ನು ಬುಷ್‌ನ ಕಡೆಗೆ 30 ಮಿ.ಮೀ. ಸರಿಸಿದ ಮೇಲೆ ಎರಡೂ ತುದಿಗಳಲ್ಲಿ ಕೋನ ಉಳಿಯಿತು. ವಿಮಾ ಸಂಸ್ಥೆಗೂ ಆರ್‌ಟಿಒಗೂ ಪತ್ರ ಬರೆದಿದ್ದೇನೆ. ಉತ್ತರ ಬರುವವರೆಗೆ ಡ್ರಿಲ್ ಮುಟ್ಟುವುದಿಲ್ಲ.