ಟೇಬಲ್ ಸಾ ಪಕ್ಕದ ರೌಟರ್ ಹಲಗೆ: ಗ್ರೂವ್ ಒಂದೇ ಆಳ ಬರುತ್ತಿಲ್ಲ

ಬೆಳಗಾವಿಯಿಂದ

ಎಲ್ಲರಿಗೂ ನಮಸ್ಕಾರ. ಟೇಬಲ್ ಸಾ (ಮೇಜಿಗೆ ಕೂರಿಸಿದ ಗರಗಸ) ಬಲಬದಿಗೆ ರೌಟರ್ (ಮರದಲ್ಲಿ ಗ್ರೂವ್, ಅಂದರೆ ಕಾಲುವೆಯಂಥ ಗಾಡಿ ಕೊರೆಯುವ ಯಂತ್ರ) ಕೂರಿಸಲು ನಾನೇ ಒಂದು ಹಲಗೆ ಮಾಡಿದ್ದೇನೆ. 18 ಎಂಎಂ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ), ಒಂದೇ ಪದರ. ಮೇಲೆ ಬಿಳಿ ಸನ್ಮೈಕಾ. ನಡುವೆ ಕತ್ತರಿಸಿ 6 ಎಂಎಂ ಅಲ್ಯೂಮಿನಿಯಂ ಪ್ಲೇಟ್ ಕೂರಿಸಿದ್ದೇನೆ, ಅದರ ಕೆಳಗೆ ಸುಮಾರು 5 ಕೆಜಿಯ ರೌಟರ್. ಒಂದು ಬದಿ ಸಾ ಟೇಬಲ್‌ಗೆ ಮೂರು ಬೋಲ್ಟ್, ಇನ್ನೊಂದು ಬದಿಗೆ ಎರಡು ಕಾಲು.

ಬೇಸಿಗೆಯಲ್ಲಿ ಚೆನ್ನಾಗಿತ್ತು. ಜುಲೈನಿಂದ ತೊಂದರೆ ಶುರು. ಡ್ರಾಯರ್ ಪಟ್ಟಿಗೆ 6 ಎಂಎಂ ಆಳದ ಗ್ರೂವ್ ಹೊಡೆದರೆ ಎರಡೂ ತುದಿಯಲ್ಲಿ ಸರಿಯಾಗಿ 6, ನಡುವೆ ಬರೀ 5. ತಳದ ಪ್ಲೈ ಪೂರ್ತಿ ಒಳಗೆ ಕೂರುವುದೇ ಇಲ್ಲ. ಬಿಟ್ (ಕೊರೆಯುವ ಅಲಗು) ಜಾರುತ್ತಿದೆ ಅಂತ ಅದನ್ನು ಹಿಡಿಯುವ ಕೋಲೆಟ್ ಎರಡು ಸಲ ಬಿಗಿ ಮಾಡಿದೆ. ಉಪಯೋಗವಾಗಲಿಲ್ಲ.

ವಿಜಯಪುರದಿಂದ

ಕೋಲೆಟ್ ಅಲ್ಲ ಸರ್. ಬಿಟ್ ಜಾರಿದ್ದರೆ ತಪ್ಪಿದ ಆಳ ಕೊನೆಗೆ ಮತ್ತೆ 6ಕ್ಕೆ ಬರುತ್ತಿರಲಿಲ್ಲ. ನಿಮ್ಮ ಹಲಗೆ ನಡುವೆ ತಗ್ಗಿದೆ. ಪಟ್ಟಿ ಆ ತಗ್ಗಿನ ಮೇಲೆ ಸೇತುವೆ ಹಾಗೆ ನಿಲ್ಲುತ್ತದೆ, ಬಿಟ್ ಕೆಳಗೇ ಉಳಿಯುತ್ತದೆ. ತುದಿ ಬಂದಾಗ ಪಟ್ಟಿ ತಗ್ಗಿಗೆ ಇಳಿಯುತ್ತದೆ, ಅಲ್ಲಿ ಪೂರ್ತಿ ಆಳ ಸಿಗುತ್ತದೆ.

ಪ್ಲಗ್ ಕಿತ್ತು, ನೇರವಾದ ಸ್ಟೀಲ್ ಪಟ್ಟಿ ಅಡ್ಡ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡುಗಳು) ತೂರಿಸಿ ನೋಡಿ. ರೌಟರ್ ಇದ್ದಾಗ ಒಂದು ಸಲ, ತೆಗೆದು ಒಂದು ಸಲ. ನನ್ನದೂ ಒಂದೇ ಪದರದ ಹಲಗೆ, ಆದರೆ ನಮ್ಮ ಕಡೆ ಒಣ ಹವೆ. ಇನ್ನೂ ಬಾಗಿಲ್ಲ.

ಬೆಳಗಾವಿಯಿಂದ

ಉದ್ಯಮಬಾಗದಲ್ಲಿ ಕೆಲಸ ಮಾಡುವ ಗೆಳೆಯನಿಂದ ಗೇಜ್ ತಂದೆ. ರೌಟರ್ ಇದ್ದಾಗ 0.9 ಎಂಎಂ ತಗ್ಗು, ತೆಗೆದ ಮೇಲೆ 0.6.

ಬಾಗಲಕೋಟೆಯಿಂದ

ಹಾಗಾದರೆ ಭಾರದಿಂದ ಆಗಿದ್ದು 0.3 ಮಾತ್ರ. ಉಳಿದಿದ್ದು ಹಲಗೆಯೇ ಬಾಗಿದ್ದು. ಕೆಳಬದಿಗೆ ಏನೂ ಹಚ್ಚಿಲ್ಲ ಅಲ್ವಾ? ನಿಮ್ಮೂರಿನ ಮಳೆಗಾಲದಲ್ಲಿ ಬರೀ ಎಂಡಿಎಫ್ ತೇವ ಕುಡಿದು ಹಿಗ್ಗುತ್ತದೆ. ಮೇಲೆ ಸನ್ಮೈಕಾ ಇರುವುದರಿಂದ ಆ ಕಡೆ ಹಿಗ್ಗುವುದಿಲ್ಲ. ಅಂಚು ಮೇಲೇಳುತ್ತದೆ, ನಡು ತಗ್ಗುತ್ತದೆ. ನನ್ನ ಮೊದಲ ಹಲಗೆಯೂ ಹೀಗೇ ಹಾಳಾಯಿತು, ಅಣ್ಣನ ಮಗಳ ಪುಸ್ತಕದ ಕಪಾಟು ಒಂದು ತಿಂಗಳು ಅರ್ಧಕ್ಕೇ ನಿಂತಿತ್ತು.

ಹೊಸದಾಗಿ ಮಾಡುವುದಾದರೆ 18ರ ಪ್ಲೈ ಎರಡು ಪದರ ಫೆವಿಕಾಲ್ ಹಾಕಿ ಅಂಟಿಸಿ. ದಪ್ಪ ಎರಡು ಪಟ್ಟಾದರೆ ಬಿಗಿ ಎಂಟು ಪಟ್ಟು ಆಗುತ್ತದೆ. ಸುಮ್ನೆ ಸ್ಕ್ರೂ ಹೊಡೆದರೆ ಅಷ್ಟು ಸಿಗಲ್ಲ, ಪದರಗಳು ಒಂದರ ಮೇಲೊಂದು ಜಾರುತ್ತವೆ. ಸನ್ಮೈಕಾ ಎರಡೂ ಕಡೆ ಇರಲಿ. ಪ್ಲೇಟ್ ಕೂರಿಸಲು ಕತ್ತರಿಸಿದ ಅಂಚಿಗೂ ಬಣ್ಣ ಹೊಡೆಯಿರಿ, ಇದನ್ನು ಜಾಸ್ತಿ ಜನ ಮರೆಯುತ್ತಾರೆ.

ಹಳೆಯದನ್ನೇ ಉಳಿಸಬೇಕಾದರೆ ಮನೆಯೊಳಗೆ ಎರಡೂ ಮುಖಕ್ಕೆ ಗಾಳಿ ಆಡುವ ಹಾಗೆ ಕೆಲವು ದಿನ ನಿಲ್ಲಿಸಿ. ಆಮೇಲೆ ಸಾ ಟೇಬಲ್ ಮೇಲೆ ಬೋರಲು ಹಾಕಿ, ಕೆಳಬದಿಗೆ ಸನ್ಮೈಕಾ ಅಂಟಿಸಿ, ರೌಟರ್ ಜಾಗದ ಸುತ್ತ ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು ಕಬ್ಬಿಣದ ಆ್ಯಂಗಲ್ ಸ್ಕ್ರೂ ಮಾಡಿ. ಆ್ಯಂಗಲ್ ನೇರವಾಗಿದೆಯೇ ಅಂತ ಮೊದಲು ನೋಡಿ. ವೆಲ್ಡಿಂಗ್ ಬೇಡ, ಬಿಸಿಗೆ ಸೊಟ್ಟಗಾಗುತ್ತದೆ. ಸಾ ಕಡೆಯ ಬೋಲ್ಟ್ ತೂತುಗಳನ್ನು ಮೇಲೆ ಕೆಳಗೆ ಸ್ವಲ್ಪ ಉದ್ದ ಮಾಡಿಕೊಳ್ಳಿ, ಮಟ್ಟ ಹೊಂದಿಸಲು ಸುಲಭ.

ಸಾ ಫೆನ್ಸನ್ನೇ (ಮರವನ್ನು ಒತ್ತಿ ನೇರ ತಳ್ಳುವ ಆನಿಕೆ ಪಟ್ಟಿ) ರೌಟರ್‌ಗೂ ಬಳಸುತ್ತೀರಾದರೆ ಸಾ ಬ್ಲೇಡ್ ಪೂರ್ತಿ ಕೆಳಗಿಳಿಸಿಯೇ ರೌಟರ್ ಚಾಲೂ ಮಾಡಿ.

ಬೆಳಗಾವಿಯಿಂದ

ಹಳೆಯದನ್ನೇ ಸರಿ ಮಾಡಿದೆ. ಹತ್ತು ದಿನ ಒಣಗಿಸಿ, ಆ್ಯಂಗಲ್ ಬಿಗಿದ ಮೇಲೆ ರೌಟರ್ ಸಮೇತ 0.1 ತಗ್ಗು. ನಿನ್ನೆ ರಾತ್ರಿ ಮೂರು ಪಟ್ಟಿ ಹೊಡೆದೆ. ತಳದ ಪ್ಲೈ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಲಕ್ಕೆ ಕೂತಿತು. ಇಬ್ಬರಿಗೂ ತುಂಬಾ ಧನ್ಯವಾದ.