ಬೇಗ ಮುಗಿಸಿದವರಿಗೇ ಇನ್ನಷ್ಟು ಕೆಲಸ, ಇದು ಸರೀನಾ?

ಕಿಟಕಿ ಪಕ್ಕದವರು:
ತುಂಬಾ ದಿನದಿಂದ ತಲೆ ಕೊರೆಯುತ್ತಿದೆ, ಕೇಳಿಬಿಡುತ್ತೇನೆ. ನಮ್ಮ ತಂಡದಲ್ಲಿ ಒಬ್ಬಳು ಕೊಟ್ಟ ಕೆಲಸವನ್ನು ಮಧ್ಯಾಹ್ನದೊಳಗೆ ಮುಗಿಸುತ್ತಾಳೆ. ಪಕ್ಕದವನು ಅಷ್ಟೇ ಕೆಲಸವನ್ನು ಸಂಜೆವರೆಗೂ ಎಳೆಯುತ್ತಾನೆ. ಅವಳ ಕೈ ಖಾಲಿ ಕಂಡ ಕೂಡಲೇ "ಇದನ್ನೂ ಸ್ವಲ್ಪ ನೋಡಿಬಿಡಿ" ಅಂತ ಇನ್ನೊಂದು ಬಂದು ಬೀಳುತ್ತದೆ. ತಿಂಗಳ ಕೊನೆಗೆ ಇಬ್ಬರಿಗೂ ಒಂದೇ ಸಂಬಳ. ತಮಾಷೆ ಅಂದರೆ, ಕತ್ತಲಾದರೂ ಕುರ್ಚಿ ಬಿಡದ ಅವನಿಗೇ "ಪಾಪ, ಎಷ್ಟು ಒದ್ದಾಡುತ್ತಾನೆ" ಅನ್ನೋ ಹೆಸರು! ಈಗೀಗ ಅವಳೂ ಹುಷಾರಾಗಿದ್ದಾಳೆ. ಮುಗಿದದ್ದನ್ನು ಹಾಗೇ ಇಟ್ಟುಕೊಂಡು, ಹೊರಡುವ ಹೊತ್ತಿಗೆ ಕಳಿಸುತ್ತಾಳೆ. ಇದನ್ನು ಮೈಗಳ್ಳತನ ಅನ್ನಬೇಕಾ? ಶ್ರಮ ಅಂದರೆ ಕೂತ ಹೊತ್ತಾ, ಮುಗಿದ ಕೆಲಸವಾ?

ಹಳೇ ಗುಮಾಸ್ತ:
ಮೈಗಳ್ಳತನ ಹೇಗಾಗುತ್ತದೆ ಸ್ವಾಮಿ? ಒಪ್ಪಿಕೊಂಡಷ್ಟು ಮಾಡಿದ್ದಾಳೆ. ಬೇಗ ಮುಗಿಸಿದ್ದಕ್ಕೆ ದಂಡ ಹಾಕಿದರೆ ಯಾರು ತಾನೇ ಬೇಗ ಮುಗಿಸುತ್ತಾರೆ?

ಎರಡನೇ ಮಾತು:
ಸ್ವಲ್ಪ ತಡೆಯಿರಿ. ಅವನು ಹೊತ್ತೆಲ್ಲ ಏನು ಮಾಡುತ್ತಾನೆ ಅಂತ ಯಾರಾದರೂ ನೋಡಿದ್ದೀರಾ? 1979ರಲ್ಲಿ ರಾಸ್ ಮತ್ತು ಸಿಕೋಲಿ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಗಂಡ ಹೆಂಡಿರನ್ನು ಬೇರೆ ಬೇರೆಯಾಗಿ ಕೇಳಿದ್ದರು, ಮನೆಗೆಲಸದಲ್ಲಿ ನಿಮ್ಮ ಪಾಲು ಎಷ್ಟು ಅಂತ. ಇಬ್ಬರ ಲೆಕ್ಕ ಕೂಡಿಸಿದರೆ ಸಾಮಾನ್ಯವಾಗಿ ನೂರಕ್ಕೆ ನೂರನ್ನೂ ದಾಟುತ್ತಿತ್ತು. ಬರೀ ಜಂಬ ಅಂದುಕೊಳ್ಳಬೇಡಿ, ಜಗಳ ಹುಟ್ಟಿಸುವ ಥರದ ಕೆಟ್ಟ ವಿಷಯಗಳಲ್ಲೂ ತಮ್ಮ ಪಾಲನ್ನೇ ಜಾಸ್ತಿ ಹೇಳಿದ್ದರು. ನಾವು ಮಾಡಿದ್ದು ನಮಗೆ ನೆನಪಿರುತ್ತದೆ, ಇನ್ನೊಬ್ಬರದು ಕಣ್ಣಿಗೇ ಬೀಳುವುದಿಲ್ಲ, ಅಷ್ಟೇ. ನಿಮ್ಮ ನಿಧಾನದ ಮನುಷ್ಯ ದಿನವಿಡೀ ಎಲ್ಲರ ಫೋನ್ ಎತ್ತುತ್ತಿರಬಹುದು, ಹೊಸಬರಿಗೆ ಹೇಳಿಕೊಡುತ್ತಿರಬಹುದು. ಅದು ಯಾವ ಪಟ್ಟಿಯಲ್ಲೂ ಬರುವುದಿಲ್ಲ.

ಹಗ್ಗದ ಕೊನೆ:
ಎರಡನೇ ಮಾತು ಅವರೇ, ನೀವು ತೀರಾ ಒಳ್ಳೆಯವರು. ಎಲ್ಲ ನಿಧಾನದ ಹಿಂದೆಯೂ ಕಾಣದ ಸೇವೆ ಇರುವುದಿಲ್ಲ! ಫ್ರಾನ್ಸಿನ ರಿಂಗೆಲ್‌ಮನ್ ಅನ್ನೋ ಕೃಷಿ ಎಂಜಿನಿಯರ್ ಜನರಿಂದ ಹಗ್ಗ ಎಳೆಸಿ ನೋಡಿ 1913ರಲ್ಲಿ ಬರೆದಿದ್ದಾರೆ, ಗುಂಪು ದೊಡ್ಡದಾದಷ್ಟೂ ತಲಾ ಎಳೆತ ಕಡಿಮೆಯಾಗುತ್ತದೆ ಅಂತ. ಜೊತೆಗಾರರ ತಾಳ ತಪ್ಪಿರಬೇಕು ಅಂತ ಕೆಲವರು ಅಂದುಕೊಂಡರು. ಅದಕ್ಕೆ 1974ರಲ್ಲಿ ಅಮೆರಿಕದಲ್ಲಿ ಕೆಲವರು ಇನ್ನೊಂದು ಉಪಾಯ ಮಾಡಿದರು. ಒಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ ಮುಂದೆ ನಿಲ್ಲಿಸಿ, ಹಿಂದಿನವರು ಸುಮ್ನೆ ಎಳೆಯುವ ಹಾಗೆ ನಟಿಸಿದರು. ನಿಜಕ್ಕೂ ಎಳೆಯುತ್ತಿದ್ದವನು ಅವನೊಬ್ಬನೇ, ಆದರೂ ಜೊತೆಗೆ ಜನ ಇದ್ದಾರೆ ಅಂದುಕೊಂಡು ಕಡಿಮೆ ಎಳೆದ. ಯಾರು ಎಷ್ಟು ಮಾಡಿದರು ಅನ್ನೋದು ಕಾಣುವಂತಿದ್ದರೆ ಈ ಜಾರುವಿಕೆ ಕಡಿಮೆಯಾಗುತ್ತದೆ ಅಂತ ಆಮೇಲಿನ ಪ್ರಯೋಗಗಳಲ್ಲೂ ಕಂಡಿದೆ. ಹಾಗಾಗಿ ಲೆಕ್ಕ ಇಡಿ. ಫೋನ್ ಎತ್ತುವುದೂ ಕೆಲಸವೇ ಆದರೆ ಅದನ್ನೂ ಬರೆದುಕೊಳ್ಳಿ.

ಹಳೇ ಗುಮಾಸ್ತ:
ಲೆಕ್ಕ ಬರೆಯುವ ಕೆಲಸ ಯಾರ ತಲೆಗೆ ಬೀಳುತ್ತದೆ ಹೇಳಿ? ಮತ್ತೆ ಆ ಬೇಗ ಮುಗಿಸುವವಳ ತಲೆಗೇ, ಅಲ್ವಾ?

ಕಿಟಕಿ ಪಕ್ಕದವರು:
ಹ್ಹ ಹ್ಹ, ಅದೇ ಆಗುವುದು! ಹೊಸಬರು ಏನಾದರೂ ಕೇಳಬೇಕಾದರೆ ಅವನ ಹತ್ತಿರವೇ ಹೋಗುತ್ತಾರೆ, ಅದು ನಿಜ. ಅದಕ್ಕೆ ಅವನಿಗೂ ಏನಾದರೂ ಸಿಗಬೇಕು. ಆದರೆ ಅದರ ಖರ್ಚನ್ನು ಅವಳ ಸಂಜೆಯಿಂದ ಯಾಕೆ ಕಳೆಯಬೇಕು ಅನ್ನೋದಕ್ಕೆ ಮಾತ್ರ ಉತ್ತರ ಸಿಗಲಿಲ್ಲ. ಅಲ್ಲಿವರೆಗೆ ಅವಳು ತಡವಾಗಿ ಕಳಿಸಲಿ, ನಾನಂತೂ ಯಾರಿಗೂ ಹೇಳುವುದಿಲ್ಲ.