ಒಂದು ಲಾಗರ್ ಮಧ್ಯಾಹ್ನ ಮಾತ್ರ 2 ಡಿಗ್ರಿ ಜಾಸ್ತಿ ತೋರಿಸುತ್ತಿದೆ, ದಯವಿಟ್ಟು ಯಾರಾದರೂ ನೋಡಿ

ದಿಬ್ಬದ_ಗಸ್ತು: ಮೂರು ವಾರದಿಂದ ತಲೆ ಕೆಟ್ಟುಹೋಗಿದೆ. ದ್ವೀಪದ ಸಂರಕ್ಷಿತ ಉದ್ಯಾನದಲ್ಲಿ ಹವಳದ ದಿಬ್ಬದ ನೀರಿನ ಬಿಸಿ ಅಳೆಯುತ್ತೇವೆ. ಒಂದೇ ಮಾದರಿಯ ಎರಡು ಲಾಗರ್ (ಬಿಸಿಯನ್ನು ತಾನೇ ಅಳೆದು ದಾಖಲಿಸಿಕೊಳ್ಳುವ ಸಾಧನ), ಒಂದೇ ದಿಬ್ಬ. ಮಧ್ಯಾಹ್ನ ‘ಎ’ 29.4 ಅನ್ನುತ್ತದೆ, ‘ಬಿ’ 31.3. ಬ್ಯಾಟರಿ ಹೊಸದು. ವರ್ಷದ ಅತಿ ಬಿಸಿ ತಿಂಗಳ ಸರಾಸರಿಗಿಂತ 1 ಡಿಗ್ರಿ ಮೇಲೆ ಹೋದರೇ ಹವಳಕ್ಕೆ ಕಷ್ಟ. ಹೀಗಿರುವಾಗ ಯಾವುದನ್ನು ನಂಬಲಿ?

ಲಾಗರ್_ಮೇಷ್ಟ್ರು: ಕ್ಯಾಲಿಬ್ರೇಷನ್ (ಅಳತೆಯ ಹೊಂದಾಣಿಕೆ) ತಪ್ಪಿದೆ, ಅನುಮಾನವೇ ಬೇಡ. ಪುಡಿ ಐಸಿಗೆ ಸ್ವಲ್ಪ ಸಿಹಿನೀರು ಹಾಕಿ, ಲಾಗರ್ ಮುಳುಗಿಸಿ ಕಲಕುತ್ತಾ ಇರಿ. ಸೊನ್ನೆಗೆ ಬಂದು ನಿಲ್ಲಬೇಕು.

ದಿಬ್ಬದ_ಗಸ್ತು: ಮಾಡಿ ಆಯ್ತು ಸರ್. ಎರಡೂ 0.1.

ಲಾಗರ್_ಮೇಷ್ಟ್ರು: ಸೊನ್ನೆಯಲ್ಲಿ ಸರಿಯಿದ್ದರೆ 30ರಲ್ಲೂ ಸರಿ ಅಂತ ಅಲ್ಲ. ಬೆಚ್ಚಗಿನ ನೀರಿನ ಬಕೆಟ್ಟಿನಲ್ಲಿ ಎರಡನ್ನೂ ಜೊತೆಗಿಡಿ.

ದಿಬ್ಬದ_ಗಸ್ತು: ಅದೂ ಆಯ್ತು. ಶೆಡ್ಡಿನೊಳಗೆ ಇಟ್ಟಿದ್ದೆ. ಎರಡೂ ಒಂದೇ ತೋರಿಸಿದವು.

ಲಾಗರ್_ಮೇಷ್ಟ್ರು: ಹಾಗಾದರೆ ಸೆನ್ಸರ್ ಆಗಾಗ ಕೆಡುತ್ತಿದೆ. ಐಸ್ ಪರೀಕ್ಷೆ ಇನ್ನೂ ಮೂರು ಸಲ ಮಾಡಿ.

ಅಲೆ_ಲೆಕ್ಕ: ಇಷ್ಟೆಲ್ಲ ಯಾಕೆ? ಅಮೆರಿಕದ ಸಾಗರ-ಹವಾಮಾನ ಸಂಸ್ಥೆ ನೋವಾದವರ (NOAA) ಕೋರಲ್ ರೀಫ್ ವಾಚ್‌ನಲ್ಲಿ 5 ಕಿ.ಮೀ. ಚೌಕದ ಉಪಗ್ರಹ ಮಾಹಿತಿ ದಿನಾ ಸಿಗುತ್ತದೆ, ಉಚಿತ.

ಮೂಡಣ_ಗಾಳಿ: ಉಪಗ್ರಹಕ್ಕೆ ಕಾಣುವುದು ನೀರಿನ ಮೇಲ್ಪದರ ಮಾತ್ರ, ದಿಬ್ಬದ ಸಂದಿ ಕಾಣುವುದಿಲ್ಲ. 2005ರಲ್ಲಿ ಅಮೆರಿಕದ ವರ್ಜಿನ್ ದ್ವೀಪಗಳಲ್ಲಿ ನೀರು ಬಿಸಿಯಾಗಿ ಹವಳ ಬಿಳಿಚಿಕೊಂಡ ಬೆನ್ನಿಗೇ ರೋಗ ಬಂತು. ಹೆಚ್ಚು ಹವಳ ಸತ್ತಿದ್ದು ಆ ರೋಗದಿಂದ. ಗೊತ್ತಾಗಿದ್ದು ಪದೇ ಪದೇ ಅದೇ ಜಾಗಕ್ಕೆ ಮುಳುಗಿ ನೋಡಿದವರಿಂದ.

ಅಲೆ_ಲೆಕ್ಕ: ಮುಳುಗಬೇಡಿ ಅಂತ ನಾನೆಲ್ಲಿ ಹೇಳಿದೆ? ಮುನ್ನೆಚ್ಚರಿಕೆಗೆ ಉಪಗ್ರಹವೇ ಬೇಕು.

ಕಾಡಿನ_ಕಿವಿ: ನಮ್ಮ ದ್ವೀಪದ ಕಾಡಿನಲ್ಲಿ 12 ರೆಕಾರ್ಡರ್ ಕಟ್ಟಿದ್ದೇವೆ. ಬೆಳಗಿನ ಜಾವ ಬಾವಲಿಗಳು ಮರಕ್ಕೆ ವಾಪಸ್ ಬರುವ ಗಲಾಟೆ ಎಷ್ಟು ಚೆನ್ನಾಗಿ ಸಿಕ್ಕಿದೆ ಗೊತ್ತಾ! ಒಂದಕ್ಕೂ ತೇವ ಹೊಕ್ಕಿಲ್ಲ. ಪ್ರತಿ ಡಬ್ಬಿಯಲ್ಲೂ ಸಿಲಿಕಾ ಜೆಲ್ ಇದೆ.

ಮೂಡಣ_ಗಾಳಿ: ಗಸ್ತು ಅವರೇ, ಎರಡೂ ಎಷ್ಟು ಆಳದಲ್ಲಿವೆ? ಯಾವುದಕ್ಕೆ ಕಟ್ಟಿದ್ದೀರಿ? ರಾತ್ರಿ ಎಷ್ಟು ವ್ಯತ್ಯಾಸ?

ದಿಬ್ಬದ_ಗಸ್ತು: ಓ, ಅದು ಹೇಳಲೇ ಇಲ್ಲ ಅಲ್ವಾ. ‘ಎ’ 6 ಮೀಟರ್ ಆಳದಲ್ಲಿ, ಪಿವಿಸಿ ಪೈಪಿನೊಳಗೆ ಇದೆ. ‘ಬಿ’ ಒಂದೂವರೆ ಮೀಟರ್. ಅದರ ಪೈಪು ಬಿರುಗಾಳಿಗೆ ಕಿತ್ತುಹೋಯಿತು. ಈಗ ಕಬ್ಬಿಣದ ಸರಳಿಗೆ ಕೇಬಲ್ ಟೈ ಹಾಕಿ ಬಿಗಿದಿದ್ದೇನೆ. ರಾತ್ರಿ ವ್ಯತ್ಯಾಸ 0.1 ಕೂಡ ಇಲ್ಲ.

ಮೂಡಣ_ಗಾಳಿ: ಸಿಕ್ಕಿತು. ‘ಬಿ’ಗೆ ನೇರ ಬಿಸಿಲು ಬೀಳುತ್ತಿದೆ. ಲಾಗರ್‌ನ ಪ್ಲಾಸ್ಟಿಕ್ ಕವಚವೇ ಕಾಯುತ್ತದೆ. ಸೆನ್ಸರ್ ಹೇಳುತ್ತಿರುವುದು ಕವಚದ ಬಿಸಿ, ನೀರಿನದಲ್ಲ. ಸೆನ್ಸರ್ ಕೆಟ್ಟಿದ್ದರೆ ರಾತ್ರಿಯೂ ತಪ್ಪಬೇಕಿತ್ತು.

ಲಾಗರ್_ಮೇಷ್ಟ್ರು: ಒಪ್ಪುವುದಿಲ್ಲ. ಇಳಿತದ ಹೊತ್ತಲ್ಲಿ ಕಡಿಮೆ ಆಳದ ನೀರು ನಿಜವಾಗಿಯೂ ಕಾಯುತ್ತದೆ.

ಮೂಡಣ_ಗಾಳಿ: ಕಾಯುತ್ತದೆ, ಅದು ಸರಿ. ಆದರೆ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಈ ಏರಿಕೆಯೂ ಹಾಗೆ ಸರಿಯುತ್ತಿದೆಯಾ? ಮೋಡ ಕವಿದ ಹೊತ್ತಿನ ಅಂಕಿ ತೆಗೆದು ನೋಡಿ.

ದಿಬ್ಬದ_ಗಸ್ತು: ಈಗಷ್ಟೇ ನೋಡಿದೆ. ದಿನಾ 12ರಿಂದ 1ರ ಒಳಗೇ ಏರುತ್ತದೆ. ಮೊನ್ನೆ 12:40ಕ್ಕೆ 31.2 ಇತ್ತು, ಮೋಡ ಬಂತು, 12:50ಕ್ಕೆ 29.9. ಬಿಸಿಲು ಬಂದ ಮೇಲೆ ಮತ್ತೆ 31. ಸಮುದ್ರದ ನೀರು ಹತ್ತು ನಿಮಿಷದಲ್ಲಿ ಇಷ್ಟು ತಣ್ಣಗಾಗಲ್ಲ ಅಲ್ವಾ!

ಮೂಡಣ_ಗಾಳಿ: ಆಗಲ್ಲ. ಬಿಳಿ ಪಿವಿಸಿ ತುಂಡಿಗೆ ತೂತು ಕೊರೆದು, ನೀರು ಹರಿಯುವ ಹಾಗೆ ಕವಚ ಮಾಡಿ. ಒಳಗೆ ಲಾಗರ್ ಪೈಪಿಗೆ ತಾಗಬಾರದು. ಪಕ್ಕದಲ್ಲೇ ಇನ್ನೊಂದನ್ನು ಬಿಸಿಲಿಗೇ ಬಿಟ್ಟು ಎರಡು ವಾರ ಹೋಲಿಸಿ.

ಲಾಗರ್_ಮೇಷ್ಟ್ರು: ಹಳೆಯ ಅಂಕಿಯಿಂದ 2 ಕಳೆದುಬಿಟ್ಟರೆ ಆಯ್ತಲ್ಲ.

ಮೂಡಣ_ಗಾಳಿ: ದಯವಿಟ್ಟು ಬೇಡ ಮೇಷ್ಟ್ರೇ. ಮೋಡ, ನೀರಿನ ಹರಿವು, ಮೇಲೆ ಕಟ್ಟಿದ ಪಾಚಿ, ಇವುಗಳಿಗೆ ತಕ್ಕಂತೆ ತಪ್ಪು ದಿನಾ ಬದಲಾಗುತ್ತದೆ. ರಾತ್ರಿಯ ಅಂಕಿ ಮಾತ್ರ ಬಳಸಿ. ಹಗಲಿನದಕ್ಕೆ ಗುರುತು ಹಾಕಿ ಹಾಗೇ ಇಡಿ, ಅಳಿಸಬೇಡಿ.

ದಿಬ್ಬದ_ಗಸ್ತು: ಪೈಪು ಕತ್ತರಿಸಿದೆ, ನಾಳೆ ಇಳಿತಕ್ಕೆ ಹೋಗುತ್ತೇನೆ. ಆದರೆ ಪೈಪು ಯಾವ ದಿನ ಹೋಯಿತೋ ಬರೆದಿಟ್ಟಿಲ್ಲ. ನಾವು ಹೋಗಿ ನೋಡುವ ಹೊತ್ತಿಗೆ ಸರಳಿನ ಮೇಲೆ ಗುಲಾಬಿ ಬಣ್ಣದ ಪಾಚಿಯ ಹೊಪ್ಪಳೆ ಕಟ್ಟಿತ್ತು, ಅಂದರೆ ಪೈಪು ಹೋಗಿ ತುಂಬಾ ದಿನ ಆಗಿರಬೇಕು.

ಮೂಡಣ_ಗಾಳಿ: ಪ್ರತಿ ದಿನದ ಮಧ್ಯಾಹ್ನದ ಅಂಕಿಯಿಂದ ರಾತ್ರಿಯದನ್ನು ಕಳೆದು ಗ್ರಾಫ್ ಹಾಕಿ. ಎಲ್ಲಿ ಥಟ್ಟನೆ ಮೇಲೆ ಹಾರುತ್ತದೋ ಅಲ್ಲಿಂದ ಗುರುತು ಹಾಕುತ್ತಾ ಬನ್ನಿ.

ಕಾಡಿನ_ಕಿವಿ: ರೆಕಾರ್ಡರ್ ಡಬ್ಬಿಗೂ ಇಂಥ ನೆರಳು ಮಾಡಬೇಕಾ? ನಮ್ಮದರಲ್ಲಿ ಎರಡು ಬಿಸಿಲಲ್ಲೇ ಇವೆ.